ಕೋಷ್ಟಕದ ಪಾಠ ಕನ್ನಡದಲ್ಲೇ ಶುರುವಾಗಲಿ

ಸಂಪಾದಕರಿಗೆ,

ಮಾನ್ಯರೇ,

ದತ್ತಾಂಶ ವಿಜ್ಞಾನ ಕಲಿತವರಿಗೆ ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗಗಳು ಕಾದಿವೆ ಎಂಬ ಬರಹಗಳು ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಆಗಾಗ ಬರುತ್ತಿರುತ್ತವೆ. ಅವುಗಳಲ್ಲಿ ಯಂತ್ರಕಲಿಕೆ, ಕೃತಕ ಬುದ್ಧಿಮತ್ತೆ ಮುಂತಾದ ದೊಡ್ಡ ಮಾತುಗಳಿಗೆ ಸಿಗುವ ಜಾಗ, ಆ ಎಲ್ಲ ಕೆಲಸಕ್ಕೂ ತಳಪಾಯವಾದ ಒಂದು ಕೌಶಲಕ್ಕೆ ಸಿಗುವುದಿಲ್ಲ. ಅಡ್ಡಸಾಲು, ಕಂಬಸಾಲುಗಳಲ್ಲಿ ಬಂದ ಕೋಷ್ಟಕವೊಂದನ್ನು ಕೈಗೆತ್ತಿಕೊಂಡು, ಅದರ ಕಸ ತೆಗೆದು, ಬೇಕಾದ ಸಾಲುಗಳನ್ನು ಆರಿಸಿ, ಗುಂಪು ಮಾಡಿ, ಮತ್ತೊಂದು ಕೋಷ್ಟಕದೊಂದಿಗೆ ತಪ್ಪಿಲ್ಲದೆ ಜೋಡಿಸುವುದೇ ಆ ಕೌಶಲ. ನಗರದ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಉಪನ್ಯಾಸಕಿಯಾಗಿರುವ ನಾನು, ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಕೆಲಸವನ್ನು ಮೊದಲು ನಾನೇ ಕಲಿತು, ಆಮೇಲೆ ಕೋಲಾರ, ಮಾಗಡಿ, ಕನಕಪುರ, ತುಮಕೂರುಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳಿಗೆ ಕಲಿಸಿದ ಅನುಭವದಿಂದ ಈ ಪತ್ರ ಬರೆಯುತ್ತಿದ್ದೇನೆ. ಪದವಿ ತರಗತಿಯ ಪ್ರಯೋಗಾಲಯದಲ್ಲಿ ಸೂತ್ರಗಳಿಗಿಂತ ಮೊದಲು ಕೋಷ್ಟಕ ಬರಬೇಕು, ಅದೂ ನಮ್ಮ ನಾಡಿನ ಕೋಷ್ಟಕವೇ ಕನ್ನಡದ ವಿವರಣೆಯೊಂದಿಗೆ ಬರಬೇಕು ಎಂಬುದು ನನ್ನ ಒತ್ತಾಯ.

ಆರ್ ಭಾಷೆಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಇದನ್ನು 1990ರ ದಶಕದ ಆರಂಭದಲ್ಲಿ ರೂಪಿಸಿದರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಂಗಡಿಗರು 1976ರಲ್ಲಿ ಶುರುಮಾಡಿದ ‘ಎಸ್’ ಭಾಷೆ ಇದಕ್ಕೆ ಮಾದರಿ. 1995ರಿಂದ ಇದು ಮುಕ್ತ ತಂತ್ರಾಂಶವಾಗಿದ್ದು, ಇದರ ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರುವರಿ 29ರಂದು ಹೊರಬಂತು. ಪರವಾನಗಿಗೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲದ ಕಾರಣ, ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಯಾವ ಊರಿನ ವಿದ್ಯಾರ್ಥಿಯೂ ಇದನ್ನು ಕಲಿಯಬಹುದು. ಕೋಷ್ಟಕವನ್ನು ಈ ಭಾಷೆ ‘ಡೇಟಾ ಫ್ರೇಮ್’ ಎನ್ನುತ್ತದೆ. ಅದರ ಕಂಬಸಾಲುಗಳೆಲ್ಲ ಒಂದೇ ಉದ್ದದವು. ಒಂದು ಕಂಬಸಾಲಿನಲ್ಲಿರುವುದೆಲ್ಲ ಒಂದೇ ಜಾತಿಯ ವಿವರ, ಅಂದರೆ ಎಲ್ಲವೂ ಸಂಖ್ಯೆ ಅಥವಾ ಎಲ್ಲವೂ ಪಠ್ಯ ಅಥವಾ ಎಲ್ಲವೂ ದಿನಾಂಕ. ಈ ಎರಡು ನಿಯಮಗಳನ್ನು ಮನಸ್ಸಿಗೆ ತಂದುಕೊಂಡರೆ ಮುಂದಿನ ಅರ್ಧ ಪಾಠ ತಾನಾಗಿ ತಿಳಿಯುತ್ತದೆ.

ಆದರೆ ಸಾಮಾನ್ಯವಾಗಿ ಪಾಠ ಅಲ್ಲಿಂದ ಶುರುವಾಗುವುದಿಲ್ಲ. ಪ್ರಯೋಗಾಲಯದ ಮೊದಲ ದಿನವೇ ವಿದ್ಯಾರ್ಥಿಯು ಆರ್ ಜೊತೆಯಲ್ಲೇ ಬರುವ ಮಾದರಿ ಕೋಷ್ಟಕವೊಂದನ್ನು ತೆರೆದು, ಸರಾಸರಿ, ಮಾನಕ ವಿಚಲನೆ, ಸಹಸಂಬಂಧಗಳನ್ನು ಲೆಕ್ಕ ಹಾಕಿ, ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಪಡೆಯುತ್ತಾನೆ. ಹೆಚ್ಚಿನ ಕಡೆ ಆ ಮಾದರಿ ಐರಿಸ್ ಹೂವಿನದು. ಮೂರು ಪ್ರಭೇದಗಳಿಂದ ತಲಾ 50 ಹೂಗಳನ್ನು ಅಳೆದ, ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ ತಮ್ಮ ಪ್ರಬಂಧದಲ್ಲಿ ಬಳಸಿದ 150 ಸಾಲುಗಳ ಕೋಷ್ಟಕವದು. ಅದರ ಮನೆಗಳಲ್ಲಿ, ಅಂದರೆ ಚೌಕಗಳಲ್ಲಿ, ಒಂದೂ ಖಾಲಿ ಇಲ್ಲ, ಒಂದು ಹೆಸರೂ ಎರಡು ಕಾಗುಣಿತದಲ್ಲಿಲ್ಲ. ಖಾಲಿ ಮನೆಗಳಿರುವ ಕೋಷ್ಟಕ ಬೇಕೆಂದರೆ ನ್ಯೂಯಾರ್ಕ್ ನಗರದ 1973ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ 153 ದಿನಗಳ ವಾಯುಮಾಲಿನ್ಯದ ಅಳತೆಗಳೂ ಆರ್‌ನಲ್ಲಿವೆ. ಅಲ್ಲಿ 37 ದಿನಗಳ ಓಝೋನ್ ಅಳತೆ ಇಲ್ಲ. ಅದು ಉಪಯುಕ್ತ ಮಾದರಿಯೇ ಹೌದು. ಆದರೆ ಫ್ಯಾರನ್‌ಹೀಟ್‌ನಲ್ಲಿರುವ ಆ ತಾಪಮಾನವಾಗಲಿ, ಆ ನಗರದ ಗಾಳಿಯಾಗಲಿ ಮಾಗಡಿಯ ಹುಡುಗಿಯ ಅನುಭವದಲ್ಲಿಲ್ಲ. ಬಂದ ಉತ್ತರ ಅಸಂಬದ್ಧವಾಗಿದ್ದರೂ ಅದು ಅಸಂಬದ್ಧವೆಂದು ಅವಳಿಗೆ ಹೊಳೆಯುವ ದಾರಿಯೇ ಇಲ್ಲ. ಕರ್ನಾಟಕದ ಜಿಲ್ಲೆಗಳ ಕೋಷ್ಟಕವಾದರೆ ತಪ್ಪು ಉತ್ತರ ಅವಳ ಕಣ್ಣಿಗೆ ತಾನಾಗಿ ರಾಚುತ್ತದೆ.

ಇದಕ್ಕೊಂದು ಉದಾಹರಣೆ ಕೊಡುತ್ತೇನೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ 6,10,95,297; ಆಗ ಇದ್ದದ್ದು 30 ಜಿಲ್ಲೆಗಳು. ಜಿಲ್ಲಾವಾರು ಕೋಷ್ಟಕವನ್ನು ಕೊಟ್ಟು, ಜನಸಂಖ್ಯೆಯ ಕಂಬಸಾಲನ್ನು ಕೂಡಿಸಲು ಹೇಳಿದೆ. ಮೊದಲ ಅಡಚಣೆ ಅಲ್ಪವಿರಾಮದ್ದು. ನಮ್ಮ ಪದ್ಧತಿಯಂತೆ ಲಕ್ಷ, ಕೋಟಿಗಳಿಗೆ ಅಲ್ಪವಿರಾಮ ಹಾಕಿ ಬರೆದ ಸಂಖ್ಯೆಯನ್ನು ಆರ್ ಸಂಖ್ಯೆಯೆಂದು ಒಪ್ಪುವುದಿಲ್ಲ, ಇಡೀ ಕಂಬಸಾಲನ್ನು ಪಠ್ಯವೆಂದು ಓದಿಕೊಳ್ಳುತ್ತದೆ. ಕನ್ನಡ ಅಂಕಿಗಳಲ್ಲಿ ‘೧೨೫’ ಎಂದು ಬರೆದಿದ್ದರೂ ಅದೇ ಗತಿ. ಅಲ್ಪವಿರಾಮಗಳನ್ನು ತೆಗೆದುಹಾಕಿ ಸಂಖ್ಯೆಯಾಗಿ ಪರಿವರ್ತಿಸಿದ ಮೇಲೆ ಮೊತ್ತ ಬಂತು: 12,21,90,594. ತರಗತಿಯಲ್ಲಿ ಒಬ್ಬ ಹುಡುಗ ಕೂಡಲೇ, ‘ಮೇಡಂ, ನಮ್ಮ ರಾಜ್ಯದಲ್ಲಿ 12 ಕೋಟಿ ಜನ ಎಲ್ಲಿದ್ದಾರೆ?’ ಎಂದು ಕೇಳಿದ. ಕೋಷ್ಟಕದ ಕೊನೆಯಲ್ಲಿ ‘ಒಟ್ಟು’ ಎಂಬ ಸಾಲು ಇತ್ತು, ಆರ್ ಅದನ್ನೂ 31ನೆಯ ಜಿಲ್ಲೆಯೆಂದು ಎಣಿಸಿ ಕೂಡಿಸಿತ್ತು. ಜಿಲ್ಲೆಯೊಂದರ ಸರಾಸರಿ ಜನಸಂಖ್ಯೆಯನ್ನು ಕೇಳಿದ್ದರೆ ಸುಮಾರು 20.37 ಲಕ್ಷದ ಬದಲು 39.42 ಲಕ್ಷ ಬರುತ್ತಿತ್ತು. ಬೆಂಗಳೂರು ನಗರ ಮತ್ತು ಬೆಳಗಾವಿ ಬಿಟ್ಟರೆ ಬೇರೆ ಯಾವ ಜಿಲ್ಲೆಯೂ ಮುಟ್ಟದ ‘ಸರಾಸರಿ’ ಅದು. ಐರಿಸ್ ಹೂವಿನ ದಳಗಳ ಉದ್ದ ಇಮ್ಮಡಿಯಾಗಿ ಬಂದಿದ್ದರೆ ಆ ಹುಡುಗ ಪ್ರಶ್ನೆ ಕೇಳುತ್ತಿರಲಿಲ್ಲ, ನಾನೂ ಗಮನಿಸುತ್ತಿದ್ದೆನೋ ಇಲ್ಲವೋ.

ಖಾಲಿ ಮನೆಗಳ ವಿಷಯಕ್ಕೆ ಬರುತ್ತೇನೆ. ಮಳೆಯ ದಾಖಲೆಯ ಹಳೆಯ ವಹಿಗಳಲ್ಲಿ ಕೆಲವು ದಿನ ಸೊನ್ನೆ, ಕೆಲವು ದಿನ ಅಡ್ಡಗೆರೆ, ಕೆಲವು ದಿನ ಏನೂ ಇಲ್ಲದಿರುವುದನ್ನು ಕಾಣುತ್ತೇವೆ. ಸೊನ್ನೆ ಎಂದರೆ ಅಳೆದು ನೋಡಿದೆವು, ಮಳೆ ಬಂದಿರಲಿಲ್ಲ ಎಂದರ್ಥ. ಖಾಲಿ ಎಂದರೆ ಅಳೆಯಲೇ ಇಲ್ಲ ಎಂದರ್ಥ. ಇವೆರಡನ್ನೂ ನಾವು ಬಾಯಿಮಾತಿನಲ್ಲಿ ‘ಇಲ್ಲ’ ಎಂದುಬಿಡುತ್ತೇವೆ, ಲೆಕ್ಕದಲ್ಲಿ ಹಾಗೆನ್ನುವಂತಿಲ್ಲ. ಆರ್ ಭಾಷೆಯಲ್ಲಿ ಅಳೆಯದ ಮನೆಗೆ ‘ಎನ್‌ಎ’ ಎಂಬ ಗುರುತಿದೆ. ಒಂದು ಎನ್‌ಎ ಇರುವ ಕಂಬಸಾಲಿನ ಸರಾಸರಿಯನ್ನು ಕೇಳಿದರೆ ಉತ್ತರವೂ ಎನ್‌ಎ ಎಂದೇ ಬರುತ್ತದೆ, ಯಾಕೆಂದರೆ ಗೊತ್ತಿಲ್ಲದ ಸಂಖ್ಯೆಯೊಂದು ಸೇರಿದ ಮೊತ್ತ ಗೊತ್ತಿರಲು ಸಾಧ್ಯವಿಲ್ಲ. ಅವುಗಳನ್ನು ಬಿಟ್ಟು ಲೆಕ್ಕ ಮಾಡು ಎಂದು ನಾವೇ ಸ್ಪಷ್ಟವಾಗಿ ಹೇಳಬೇಕು. ಒಂದು ಎನ್‌ಎ ಇನ್ನೊಂದು ಎನ್‌ಎಗೆ ಸಮವೇ ಎಂದು ಕೇಳಿದರೂ ಎನ್‌ಎ ಎಂಬ ಉತ್ತರವೇ ಸಿಗುತ್ತದೆ. ನನಗೆ ತಿಳಿಯದ ಒಬ್ಬರ ವಯಸ್ಸು, ನನಗೆ ತಿಳಿಯದ ಇನ್ನೊಬ್ಬರ ವಯಸ್ಸಿಗೆ ಸಮವೇ ಎಂದು ಕೇಳಿದಂತೆ ಅದು. ಹೀಗೆ ವಿವರಿಸಿದ ದಿನ ನನ್ನ ತರಗತಿಯಲ್ಲಿ ಯಾರಿಗೂ ಎರಡನೆಯ ಸಲ ಹೇಳಬೇಕಾಗಲಿಲ್ಲ. ಇದೇ ಮಾತನ್ನು ಇಂಗ್ಲಿಷಿನ ವ್ಯಾಖ್ಯೆಯಾಗಿ ಬರೆಸಿದ ವರ್ಷಗಳಲ್ಲಿ ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು, ಪ್ರಯೋಗದಲ್ಲಿ ಮಾತ್ರ ಖಾಲಿ ಮನೆಗಳಿಗೆಲ್ಲ ಸೊನ್ನೆ ತುಂಬಿಬಿಡುತ್ತಿದ್ದರು.

ಕನ್ನಡದಲ್ಲಿ ಕಲಿಸಬೇಕೆಂಬ ನನ್ನ ಒತ್ತಾಯ ಭಾಷಾಭಿಮಾನ ಒಂದರಿಂದಲೇ ಹುಟ್ಟಿದ್ದಲ್ಲ. ಕೋಷ್ಟಕದ ಕೆಲಸಕ್ಕೂ ಕನ್ನಡ ವಾಕ್ಯದ ನಡಿಗೆಗೂ ಒಂದು ಹತ್ತಿರದ ಹೊಂದಾಣಿಕೆ ಇದೆ, ಅದನ್ನು ನಾನು ಕಲಿಸುತ್ತ ಕಲಿಸುತ್ತ ಕಂಡುಕೊಂಡೆ. ‘ಮಳೆಯ ಕೋಷ್ಟಕವನ್ನು ತೆಗೆದುಕೊಂಡು, ಅದರಲ್ಲಿ ಜುಲೈ ತಿಂಗಳ ಸಾಲುಗಳನ್ನು ಆರಿಸಿ, ತಾಲ್ಲೂಕುವಾರು ಗುಂಪು ಮಾಡಿ, ಪ್ರತಿ ಗುಂಪಿನ ಮಳೆಯನ್ನು ಕೂಡಿಸಿ, ಹೆಚ್ಚಿನಿಂದ ಕಡಿಮೆಗೆ ಜೋಡಿಸು’ ಎಂಬ ಮಾತನ್ನು ಯಾವ ಕನ್ನಡಿಗನೂ ಸಲೀಸಾಗಿ ಆಡುತ್ತಾನೆ. ಕೊಂಡು, ಆರಿಸಿ, ಮಾಡಿ, ಕೂಡಿಸಿ ಎಂದು ಒಂದರ ಹಿಂದೆ ಒಂದು ಬರುವ ಈ ಕೃದಂತಾವ್ಯಯಗಳು, ಒಂದು ಕೆಲಸ ಮುಗಿದು ಅದರ ಫಲ ಮುಂದಿನ ಕೆಲಸಕ್ಕೆ ಹೋಗುತ್ತದೆಂದು ತಾವೇ ಹೇಳುತ್ತವೆ. ಪೂರ್ಣಕ್ರಿಯಾಪದ ಬರುವುದು ಕೊನೆಯಲ್ಲಿ ಒಂದೇ. ಆರ್ ಭಾಷೆಯಲ್ಲಿ ‘ಪೈಪ್’ ಎಂಬ ಚಿಹ್ನೆ ಮಾಡುವ ಕೆಲಸವೂ ಇದೇ. ಎಡಗಡೆ ಸಿದ್ಧವಾದ ಕೋಷ್ಟಕವನ್ನು ಅದು ಬಲಗಡೆಯ ಆಜ್ಞೆಯ ಕೈಗೆ ಕೊಡುತ್ತದೆ. 2014ರಲ್ಲಿ ಹ್ಯಾಡ್ಲಿ ವಿಕ್‌ಹ್ಯಾಮ್ ಮತ್ತು ಸಂಗಡಿಗರ ‘ಡಿಪ್ಲೈಯರ್’ ಎಂಬ ಪ್ಯಾಕೇಜಿನ (ಆರ್‌ಗೆ ಸೇರಿಸಿಕೊಳ್ಳಬಹುದಾದ ಆಜ್ಞೆಗಳ ಕಟ್ಟಿನ) ಜೊತೆ ಈ ಬರವಣಿಗೆಯ ರೀತಿ ಬಳಕೆಗೆ ಬಂದು, 2021ರ 4.1 ಆವೃತ್ತಿಯಲ್ಲಿ ಮೂಲ ಭಾಷೆಯಲ್ಲೇ ಪೈಪ್ ಚಿಹ್ನೆ ಸೇರಿತು. ಆ ಪ್ಯಾಕೇಜಿನ ಮುಖ್ಯ ಆಜ್ಞೆಗಳು ಬೆರಳೆಣಿಕೆಯಷ್ಟು: ‘ಫಿಲ್ಟರ್’ ಸಾಲುಗಳನ್ನು ಆರಿಸುತ್ತದೆ, ‘ಸೆಲೆಕ್ಟ್’ ಕಂಬಸಾಲುಗಳನ್ನು ಆರಿಸುತ್ತದೆ, ‘ಮ್ಯೂಟೇಟ್’ ಹೊಸ ಕಂಬಸಾಲನ್ನು ಹುಟ್ಟಿಸುತ್ತದೆ, ‘ಅರೇಂಜ್’ ಸಾಲುಗಳನ್ನು ಕ್ರಮವಾಗಿ ಜೋಡಿಸುತ್ತದೆ, ‘ಗ್ರೂಪ್ ಬೈ’ ಗುಂಪು ಮಾಡುತ್ತದೆ, ‘ಸಮರೈಸ್’ ಪ್ರತಿ ಗುಂಪನ್ನೂ ಒಂದು ಸಾಲಿಗೆ ಇಳಿಸುತ್ತದೆ.

ಪೈಪ್ ಇಲ್ಲದ ಹಳೆಯ ರೀತಿಯಲ್ಲಿ ಒಂದರೊಳಗೊಂದು ಆವರಣ ಹಾಕಿ ಬರೆಯಬೇಕಾಗಿತ್ತು. ಕೊನೆಯಲ್ಲಿ ಮಾಡುವ ಕೆಲಸ ಮೊದಲು, ಮೊದಲು ಮಾಡುವ ಕೆಲಸ ಎಲ್ಲಕ್ಕಿಂತ ಒಳಗೆ. ಓದುವವರು ನಡುವಿನಿಂದ ಹೊರಗೆ ಬರಬೇಕು. ನಾನು ಮೂರು ತಿಂಗಳು ಹೆಣಗಿದ್ದು ಆ ರೀತಿಯ ಬರವಣಿಗೆಯೊಂದಿಗೆ. ಈಗ ನನ್ನ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸವನ್ನು ಮೊದಲು ಕನ್ನಡದ ಒಂದು ಉದ್ದ ವಾಕ್ಯವಾಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಆಮೇಲೆ ಪ್ರತಿಯೊಂದು ‘ಆರಿಸಿ’, ‘ಮಾಡಿ’, ‘ಕೂಡಿಸಿ’ಯ ಎದುರಿಗೆ ಅದಕ್ಕೆ ಸಲ್ಲುವ ಆಜ್ಞೆಯನ್ನು ಬರೆಯುತ್ತಾರೆ. ವಾಕ್ಯ ಸರಿಯಿದ್ದರೆ ಪ್ರೋಗ್ರಾಂ ಸಾಮಾನ್ಯವಾಗಿ ಸರಿಯಿರುತ್ತದೆ. ವಾಕ್ಯವೇ ತೊಡರಿದ್ದರೆ, ಆಲೋಚನೆ ಎಲ್ಲಿ ತೊಡರಿದೆ ಎಂದು ಕಂಪ್ಯೂಟರ್ ಮುಟ್ಟುವ ಮೊದಲೇ ಗೊತ್ತಾಗುತ್ತದೆ.

ಭಾಷೆ ಕೈಕೊಡುವ ಜಾಗವೂ ಒಂದಿದೆ, ಅದನ್ನು ಮುಚ್ಚಿಡಬಾರದು. ‘ಜೂನ್ ಮತ್ತು ಜುಲೈ ತಿಂಗಳ ಸಾಲುಗಳನ್ನು ಆರಿಸು’ ಎಂದು ನಾವು ಹೇಳುತ್ತೇವೆ. ಅದನ್ನು ಹಾಗೇ ‘ಮತ್ತು’ ಚಿಹ್ನೆ ಹಾಕಿ ಬರೆದರೆ ಒಂದು ಸಾಲೂ ಬರುವುದಿಲ್ಲ, ಏಕೆಂದರೆ ಏಕಕಾಲಕ್ಕೆ ಜೂನ್ ಕೂಡ ಜುಲೈ ಕೂಡ ಆಗಿರುವ ದಿನ ಇಲ್ಲ. ಪ್ರತಿ ಸಾಲಿಗೂ ನಾವು ಕೇಳುತ್ತಿರುವ ಪ್ರಶ್ನೆ ‘ಇದು ಜೂನ್ ಅಥವಾ ಜುಲೈ ಹೌದೇ’ ಎಂಬುದು. ಇದಕ್ಕಿಂತ ಅಪಾಯಕಾರಿಯಾದ ತಪ್ಪು ಇನ್ನೊಂದು. ತಿಂಗಳ ಕಂಬಸಾಲನ್ನು ಜೂನ್, ಜುಲೈ ಎಂಬ ಎರಡು ಹೆಸರುಗಳ ಪಟ್ಟಿಗೆ ನೇರವಾಗಿ ಸಮೀಕರಿಸಿದರೆ, ಆರ್ ಮೊದಲ ಸಾಲನ್ನು ಜೂನ್‌ಗೆ, ಎರಡನೆಯದನ್ನು ಜುಲೈಗೆ, ಮೂರನೆಯದನ್ನು ಮತ್ತೆ ಜೂನ್‌ಗೆ ಹೀಗೆ ಸರದಿಯಂತೆ ಹೋಲಿಸುತ್ತ ಹೋಗುತ್ತದೆ. ಒಂದು ಮಳೆಮಾಪಕದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳ ಕೋಷ್ಟಕದ ಮೇಲೆ ಹೀಗೆ ಮಾಡಿದರೆ 61 ಸಾಲುಗಳ ಬದಲು 30 ಸಾಲುಗಳು ಮಾತ್ರ ಬರುತ್ತವೆ. ದೋಷವೆಂದು ಯಂತ್ರ ಹೇಳುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆ ಎರಡು ತಿಂಗಳ ಅರ್ಧದಷ್ಟು ದಿನಗಳ ಮಳೆ ಲೆಕ್ಕದಿಂದ ಮಾಯವಾಗಿರುತ್ತದೆ. ಪಟ್ಟಿಯೊಳಗೆ ಸೇರಿದೆಯೇ ಎಂದು ಕೇಳುವ ಬೇರೆಯೇ ಚಿಹ್ನೆಯನ್ನು ಅಲ್ಲಿ ಬಳಸಬೇಕು. ಜೂನ್‌ಗೆ 30, ಜುಲೈಗೆ 31 ಎಂದು ಮನಸ್ಸಿನಲ್ಲಿ ಎಣಿಸಿಕೊಂಡೇ ಆಜ್ಞೆ ಕೊಟ್ಟವರಿಗೆ ಮಾತ್ರ ಈ ತಪ್ಪು ಸಿಗುತ್ತದೆ. ಆದ್ದರಿಂದ ಪ್ರತಿ ಹೆಜ್ಜೆಗೂ ಮೊದಲು ‘ಎಷ್ಟು ಸಾಲು ಬರಬೇಕು’ ಎಂದು ಬರೆದಿಟ್ಟುಕೊಳ್ಳುವುದನ್ನು ನಾನು ಕಡ್ಡಾಯ ಮಾಡಿದ್ದೇನೆ.

ಎರಡು ಕೋಷ್ಟಕಗಳನ್ನು ಜೋಡಿಸುವ ಪಾಠ ಇವೆಲ್ಲಕ್ಕಿಂತ ಮುಖ್ಯವಾದದ್ದು, ಕರ್ನಾಟಕದಷ್ಟು ಒಳ್ಳೆಯ ಉದಾಹರಣೆ ಅದಕ್ಕೆ ಬೇರೆಲ್ಲೂ ಸಿಗಲಾರದು ಎಂದು ನನ್ನ ಭಾವನೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಅವುಗಳಲ್ಲಿ ಮಂಗಳೂರು, ಹುಬ್ಬಳ್ಳಿ, ಹೊಸಪೇಟೆಗಳ ಹೆಸರಿನಲ್ಲಿ ಜಿಲ್ಲೆಗಳಿಲ್ಲ. ಉಳಿದ ಒಂಬತ್ತರಲ್ಲಿ ಬೆಂಗಳೂರಿನ ಹೆಸರು ನಗರ, ಗ್ರಾಮಾಂತರ ಎಂಬ ಎರಡು ಜಿಲ್ಲೆಗಳಿಗಿದೆ. ಹಾಗಾಗಿ 2011ರ ಜನಗಣತಿಯ ಇಂಗ್ಲಿಷ್ ಕೋಷ್ಟಕವನ್ನು ಹೆಸರು ಬದಲಾದ ಮರುವರ್ಷದ ಕೋಷ್ಟಕವೊಂದರೊಂದಿಗೆ ಜಿಲ್ಲೆಯ ಹೆಸರಿನ ಆಧಾರದ ಮೇಲೆ ಜೋಡಿಸಿದರೆ 10 ಜಿಲ್ಲೆಗಳು ಹೊಂದುವುದಿಲ್ಲ. ಆರ್‌ನ ‘ಮರ್ಜ್’ ಆಜ್ಞೆ, ನಾವು ಬೇರೆ ರೀತಿ ಹೇಳದಿದ್ದರೆ, ಹೊಂದದ ಸಾಲುಗಳನ್ನು ಸದ್ದಿಲ್ಲದೆ ಕೈಬಿಟ್ಟು 20 ಜಿಲ್ಲೆಗಳ ಕೋಷ್ಟಕವನ್ನು ಕೊಡುತ್ತದೆ. ಆ 20ರಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ ಯಾವುದೂ ಇರುವುದಿಲ್ಲ. ಎಡಗಡೆಯ ಕೋಷ್ಟಕದ ಸಾಲುಗಳನ್ನು ಉಳಿಸಿಕೊಳ್ಳುವ ‘ಲೆಫ್ಟ್ ಜಾಯಿನ್’, ಹೊಂದದೆ ಉಳಿದ ಸಾಲುಗಳನ್ನಷ್ಟೇ ತೋರಿಸುವ ‘ಆ್ಯಂಟಿ ಜಾಯಿನ್’ ಎಂಬ ಆಜ್ಞೆಗಳು ಯಾಕೆ ಬೇಕೆಂಬುದು ಆಗ ಅರ್ಥವಾಗುತ್ತದೆ.

ಇಲ್ಲಿ ನನ್ನ ಒಬ್ಬ ವಿದ್ಯಾರ್ಥಿನಿ ಗುರುತಿಸಿದ ಒಂದು ಸಂಗತಿಯನ್ನು ಹೇಳಲೇಬೇಕು. ಜಿಲ್ಲೆಯ ಹೆಸರುಗಳು ಎರಡೂ ಕೋಷ್ಟಕಗಳಲ್ಲಿ ಕನ್ನಡದಲ್ಲೇ ಇದ್ದಿದ್ದರೆ ಎಷ್ಟು ಜಿಲ್ಲೆಗಳು ತಪ್ಪಿಹೋಗುತ್ತಿದ್ದವು ಎಂದು ಅವಳು ಎಣಿಸಿದಳು. ನಮ್ಮ ಬರವಣಿಗೆಯಲ್ಲಿ ಬೆಂಗಳೂರು, ಮೈಸೂರು, ತುಮಕೂರು, ಶಿವಮೊಗ್ಗ, ಬಳ್ಳಾರಿ, ಬೆಳಗಾವಿ, ಚಿಕ್ಕಮಗಳೂರು ಮೊದಲಿನಿಂದಲೂ ಹೀಗೆಯೇ ಇದ್ದವು. ಕನ್ನಡದಲ್ಲೂ ಬದಲಾದದ್ದು ಗುಲ್ಬರ್ಗ ಹೋಗಿ ಕಲಬುರಗಿ, ಬಿಜಾಪುರ ಹೋಗಿ ವಿಜಯಪುರ, ಇವೆರಡೇ. ಹತ್ತರ ಜಾಗದಲ್ಲಿ ಎರಡು! ಕನ್ನಡದಲ್ಲಿ ದತ್ತಾಂಶ ಇಡುವುದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಹೆಸರು ಸರಿಪಡಿಸಿದರೂ ಕೆಲಸ ಮುಗಿಯುವುದಿಲ್ಲ. 2021ರಲ್ಲಿ ವಿಜಯನಗರ ರಾಜ್ಯದ 31ನೆಯ ಜಿಲ್ಲೆಯಾಯಿತು. ಮಹಾನ್ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ ಹೂವಿನಹಡಗಲಿ 2011ರ ಕೋಷ್ಟಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿದೆ, ಈಗಿನ ಕೋಷ್ಟಕದಲ್ಲಿ ವಿಜಯನಗರದಲ್ಲಿದೆ. ಹರಪನಹಳ್ಳಿ 2011ರಲ್ಲಿ ದಾವಣಗೆರೆಗೆ ಸೇರಿತ್ತು, ನಡುವೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. ಆದ್ದರಿಂದ ಅಂದಿನ ಬಳ್ಳಾರಿಯನ್ನು ಇಂದಿನ ಬಳ್ಳಾರಿಯೊಂದಿಗೆ ಹೋಲಿಸಿ ‘ಜನಸಂಖ್ಯೆ ಕುಸಿದಿದೆ’ ಎನ್ನುವುದು ಶುದ್ಧ ತಪ್ಪು. ತಾಲ್ಲೂಕಿನ ಮಟ್ಟಕ್ಕೆ ಇಳಿದು, ಯಾವ ತಾಲ್ಲೂಕು ಯಾವ ಜಿಲ್ಲೆಗೆ ಸೇರಿದೆ ಎಂಬ ಮೂರನೆಯ ಕೋಷ್ಟಕವನ್ನು ಕಟ್ಟಿ, ಅದರ ಮೂಲಕ ಎರಡನ್ನೂ ಜೋಡಿಸಿ, ಮತ್ತೆ ಜಿಲ್ಲಾವಾರು ಕೂಡಿಸಬೇಕು. ಬೆಂಗಳೂರಿನ ಕಥೆಯೂ ಹೀಗೆಯೇ. 198 ವಾರ್ಡ್‌ಗಳಿದ್ದ ಪಾಲಿಕೆಗೆ 2022ರಲ್ಲಿ 243, 2023ರಲ್ಲಿ 225 ವಾರ್ಡ್‌ಗಳ ಪುನರ್ವಿಂಗಡಣೆ ಬಂತು, 2025ರಲ್ಲಿ ಆ ಪಾಲಿಕೆಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ವಾರ್ಡ್ ಸಂಖ್ಯೆಯೊಂದನ್ನೇ ನಂಬಿ ಎರಡು ಕಾಲದ ಕೋಷ್ಟಕಗಳನ್ನು ಜೋಡಿಸಿದರೆ ಜೋಡಣೆ ಯಾವ ತಕರಾರೂ ಇಲ್ಲದೆ ಆಗಿಬಿಡುತ್ತದೆ, ಆದರೆ ಒಂದು ಬಡಾವಣೆಯ ಕಸದ ಲೆಕ್ಕ ಇನ್ನೊಂದು ಬಡಾವಣೆಯ ಜನಸಂಖ್ಯೆಯ ಪಕ್ಕ ಕೂತಿರುತ್ತದೆ. ಹೊಂದದೇ ಇರುವ ಜೋಡಣೆಗಿಂತ ತಪ್ಪಾಗಿ ಹೊಂದುವ ಜೋಡಣೆ ಹೆಚ್ಚು ಕೆಟ್ಟದ್ದು.

ಕನ್ನಡ ಲಿಪಿಯಲ್ಲಿ ಕೆಲಸ ಮಾಡುವವರು ತಿಳಿದಿರಬೇಕಾದ ಸೂಕ್ಷ್ಮಗಳನ್ನು ಇಂಗ್ಲಿಷಿನ ಯಾವ ಪಠ್ಯಪುಸ್ತಕವೂ ನಮಗಾಗಿ ಬರೆಯುವುದಿಲ್ಲ. ‘ಕನ್ನಡ’ ಎಂಬ ಪದದಲ್ಲಿ ನಮಗೆ ಕಾಣುವುದು ಮೂರು ಅಕ್ಷರ. ಆರ್ ಎಣಿಸುವುದು ಐದು, ಏಕೆಂದರೆ ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲಿ ಒತ್ತಕ್ಷರವನ್ನು ನ, ಸ್ವರವಿಲ್ಲವೆಂದು ತೋರಿಸುವ ಹಲಂತಚಿಹ್ನೆ, ಮತ್ತೊಂದು ನ ಎಂದು ಬಿಡಿಬಿಡಿಯಾಗಿ ಇಡಲಾಗುತ್ತದೆ. ‘ಕೊಡಗು’ ಎಂಬುದರ ಮೊದಲ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಸಮವೇ ಎಂದು ಕೇಳಿದರೆ ಆರ್ ‘ಅಲ್ಲ’ ಎನ್ನುತ್ತದೆ. ಕೊಪ್ಪಳ, ಕೋಲಾರಗಳಿಗೂ ಇದೇ ಸಮಸ್ಯೆ. ಎರಡು ಕೋಷ್ಟಕಗಳನ್ನೂ ಜೋಡಣೆಗೆ ಮೊದಲು ಒಂದೇ ಯೂನಿಕೋಡ್ ರೂಪಕ್ಕೆ ತರುವ, ಪದದ ಹಿಂದೆಮುಂದೆ ಅಡಗಿರುವ ಖಾಲಿ ಜಾಗಗಳನ್ನು ತೆಗೆಯುವ ಎರಡು ಸಾಲಿನ ಆಜ್ಞೆಯಿಂದ ಇದು ಪರಿಹಾರವಾಗುತ್ತದೆ. ಆದರೆ ಗೊತ್ತಿಲ್ಲದ ವಿದ್ಯಾರ್ಥಿ ಒಂದು ವಾರ ಇದರ ಹಿಂದೆ ಕಳೆದು, ಕನ್ನಡದಲ್ಲಿ ಇವೆಲ್ಲ ಆಗದ ಕೆಲಸ ಎಂದು ತೀರ್ಮಾನಿಸಿಬಿಡುತ್ತಾನೆ. ಹಾಗೆ ತೀರ್ಮಾನಿಸಿದ ಇಬ್ಬರು ಬುದ್ಧಿವಂತ ಹುಡುಗರನ್ನು ನಾನು ಬಲ್ಲೆ, ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಎಕ್ಸೆಲ್ ಇರುವಾಗ ಈ ಪ್ರೋಗ್ರಾಮಿಂಗ್ ಯಾಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನನ್ನ ಉತ್ತರ ನನ್ನದೇ ತಪ್ಪಿನಿಂದ ಕಲಿತದ್ದು. ಕೆಲವು ವರ್ಷಗಳ ಹಿಂದೆ ತರಗತಿಯ ಆಂತರಿಕ ಅಂಕಗಳನ್ನು ಕ್ರಮವಾಗಿ ಜೋಡಿಸುವಾಗ, ಅಂಕಗಳ ಕಂಬಸಾಲನ್ನು ಮಾತ್ರ ಆಯ್ದುಕೊಂಡು ಜೋಡಿಸಿಬಿಟ್ಟೆ. ಹೆಸರುಗಳು ಇದ್ದಲ್ಲೇ ಉಳಿದವು. ಸೂಚನಾಫಲಕಕ್ಕೆ ಪಟ್ಟಿ ಹೋದ ಮೇಲೆ, ಚೆನ್ನಾಗಿ ಬರೆದಿದ್ದ ಒಬ್ಬ ವಿದ್ಯಾರ್ಥಿನಿ ಅಳುತ್ತ ಬಂದಾಗಲೇ ನನಗೆ ಗೊತ್ತಾಗಿದ್ದು. ಪಟ್ಟಿಯನ್ನು ಅಂದೇ ತೆಗೆಸಿ ಸರಿಪಡಿಸಿದೆ. ಯಾವ ಗಳಿಗೆಯಲ್ಲಿ ತಪ್ಪಾಯಿತೆಂದು ತೋರಿಸುವ ಗುರುತು ಆ ಕಡತದಲ್ಲಿ ಎಲ್ಲೂ ಇರಲಿಲ್ಲ. ಆರ್‌ನ ‘ಅರೇಂಜ್’ ಆಜ್ಞೆ ಸಾಲನ್ನು ಇಡಿಯಾಗಿ ಎತ್ತಿಡುತ್ತದೆ. ಮೂಲ ಕೋಷ್ಟಕ ಮುಟ್ಟದೆ ಹಾಗೇ ಉಳಿಯುತ್ತದೆ. ಮಾಡಿದ ಪ್ರತಿ ಕೆಲಸವೂ ಬರೆದಿಟ್ಟ ಸಾಲಾಗಿ ಮುಂದೆ ಯಾರು ಬೇಕಾದರೂ ಪರಿಶೀಲಿಸುವಂತೆ ಇರುತ್ತದೆ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಸಕಾಲದಲ್ಲಿ ವರದಿಯಾಗದೆ ಹೋದದ್ದು, 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದ ಹಳೆಯ ಎಕ್ಸೆಲ್ ಕಡತದ ರೂಪವನ್ನು ಬಳಸಿದ್ದರಿಂದ. ಎಕ್ಸೆಲ್ ಬೇಡವೆಂದು ನಾನು ಹೇಳುತ್ತಿಲ್ಲ. ದಾಖಲಿಸಲು ಅದು ಒಳ್ಳೆಯ ಸಾಧನ, ಆದರೆ ನಾಲ್ಕು ಜನರ ಬದುಕಿಗೆ ತಾಗುವ ಲೆಕ್ಕವನ್ನು ಹೆಜ್ಜೆಗುರುತು ಉಳಿಯುವ ಕಡೆ ಮಾಡಬೇಕು.

ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸಿದರೆ ಉದ್ಯೋಗಕ್ಕೆ ಹೆಚ್ಚು ಅನುಕೂಲವಲ್ಲವೇ ಎಂಬ ಪ್ರಶ್ನೆಗೆ ನನ್ನ ವಿರೋಧವಿಲ್ಲ. ಕೋಷ್ಟಕಗಳಿಗಾಗಿ ಅಲ್ಲಿರುವ ‘ಪಾಂಡಾಸ್’ ಎಂಬ ಪ್ಯಾಕೇಜಿನಲ್ಲೂ ಇರುವುದು ಡೇಟಾ ಫ್ರೇಮ್, ಆರಿಸುವುದು, ಗುಂಪು ಮಾಡುವುದು, ಜೋಡಿಸುವುದು, ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಂ ಬರೆದುಕೊಡುವಾಗ ಕಲಿಯುವುದೇಕೆ ಎನ್ನುವವರೂ ಇದ್ದಾರೆ. ಅದು ಬರೆದುಕೊಟ್ಟ ಪ್ರೋಗ್ರಾಂ 30 ಜಿಲ್ಲೆಗಳ ಬದಲು 20 ಜಿಲ್ಲೆಗಳ ಕೋಷ್ಟಕವನ್ನು ಕೊಟ್ಟಾಗ ‘ನಮ್ಮ ಬೆಂಗಳೂರೇ ಇಲ್ಲವಲ್ಲ’ ಎಂದು ಹೇಳಲು ಕೋಷ್ಟಕ ಬಲ್ಲ ಮನುಷ್ಯರೊಬ್ಬರು ಬೇಕೇ ಬೇಕು. ಆಜ್ಞೆಗಳ ಹೆಸರು ಇಂಗ್ಲಿಷಿನಲ್ಲಿರುವುದರಿಂದ ಪಾಠವೂ ಇಂಗ್ಲಿಷಿನಲ್ಲಿರಬೇಕೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ಹತ್ತಾರು ಆಜ್ಞೆಗಳ ಹೆಸರನ್ನು ನಮ್ಮ ಮಕ್ಕಳು ಒಂದು ವಾರದಲ್ಲಿ ಕಲಿಯುತ್ತಾರೆ. ಖಾಲಿಗೂ ಸೊನ್ನೆಗೂ ಇರುವ ವ್ಯತ್ಯಾಸವನ್ನು ಅವರು ಕಲಿಯಬೇಕಾದದ್ದು ತಾವು ಯೋಚಿಸುವ ಭಾಷೆಯಲ್ಲಿ.

ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು. ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯಾದರೂ ಕಸವಿರುವ ಕೋಷ್ಟಕದ ಮೇಲಿರಲಿ. ಅಲ್ಪವಿರಾಮಗಳಿರುವ ಸಂಖ್ಯೆಗಳು, ಕೆಳಗೊಂದು ‘ಒಟ್ಟು’ ಸಾಲು, ಎರಡು ಕಾಗುಣಿತದ ಹೆಸರುಗಳು, ದಿನ ಮೊದಲೋ ತಿಂಗಳು ಮೊದಲೋ ತಿಳಿಯದ ದಿನಾಂಕಗಳು ಅದರಲ್ಲಿರಲಿ. ಹಾಜರಿ ಪುಸ್ತಕವೇ ಒಳ್ಳೆಯ ಪ್ರಶ್ನೆಪತ್ರಿಕೆಯಾಗುತ್ತದೆ. ಹೆಸರುಗಳು ಕೆಳಗೆ, ದಿನಾಂಕಗಳು ಅಡ್ಡಕ್ಕೆ ಇರುವ ಆ ಅಗಲ ಕೋಷ್ಟಕವನ್ನು ಒಂದು ಸಾಲಿಗೆ ಒಬ್ಬ ವಿದ್ಯಾರ್ಥಿಯ ಒಂದು ದಿನ ಬರುವಂತೆ ಉದ್ದ ಮಾಡಲು ಹೇಳಿದರೆ ಸಾಕು. ವಿವರಣೆಯನ್ನು ಕನ್ನಡದಲ್ಲಿ ಬರೆದ ಉತ್ತರಗಳಿಗೆ ಪೂರ್ತಿ ಅಂಕ ಸಿಗಲಿ. ಕೋಷ್ಟಕಗಳನ್ನು ಪ್ರಕಟಿಸುವ ಇಲಾಖೆಗಳು ಹೆಸರಿನ ಪಕ್ಕದಲ್ಲಿ ಬದಲಾಗದ ಒಂದು ಸಂಕೇತ ಸಂಖ್ಯೆಯನ್ನೂ, ಕನ್ನಡದ ಹೆಸರನ್ನೂ ಕೊಟ್ಟರೆ ಅರ್ಧ ತೊಂದರೆ ನೀಗುತ್ತದೆ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾದ ಮೇಲೆ ಇದು ಇನ್ನಷ್ಟು ಅಗತ್ಯವಾಗಿದೆ, ಏಕೆಂದರೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಅದೇ ಹೆಸರಿನ ತಾಲ್ಲೂಕೊಂದು ಮೊದಲಿನಿಂದಲೂ ಇದೆ.

ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ವಾರಕ್ಕೊಮ್ಮೆ ಅಂಗೈಯಗಲದ ಜಾಗ ಸಿಗುವುದಾದರೆ, ನಾನು ತರಗತಿಗಾಗಿ ಕನ್ನಡದಲ್ಲಿ ಸಿದ್ಧಪಡಿಸಿಕೊಂಡಿರುವ ಕೋಷ್ಟಕಗಳನ್ನೂ ಅಭ್ಯಾಸಗಳನ್ನೂ ಯಾವ ಸಂಭಾವನೆಯೂ ಇಲ್ಲದೆ ಕಳುಹಿಸಿಕೊಡಲು ಸಿದ್ಧಳಿದ್ದೇನೆ. ಮೊದಲ ವಾರಕ್ಕೆ ಆ 30 ಜಿಲ್ಲೆಗಳ ಕೋಷ್ಟಕವನ್ನೇ, ಕೆಳಗಿನ ‘ಒಟ್ಟು’ ಸಾಲನ್ನು ತೆಗೆಯದೆ, ಕೊಡಬಹುದೆಂದು ನನ್ನ ಸಲಹೆ.

ಇಂತಿ ತಮ್ಮ ವಿಶ್ವಾಸಿ,
ಸಂಖ್ಯಾಶಾಸ್ತ್ರದ ಉಪನ್ಯಾಸಕಿ,
ಬಸವನಗುಡಿ, ಬೆಂಗಳೂರು